ಬೀಜ ಮತ್ತು ಮಣ್ಣು: ಕ್ಯಾನ್ಸರ್ ಹರಡುವ ಬಗೆಯ ಒಂದು ಚರಿತ್ರೆ

ಕ್ಯಾನ್ಸರ್ 'ಹರಡಿದೆ' ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಅದು ಹೇಗೆ ಹರಡುತ್ತದೆ ಎಂಬ ಪ್ರಶ್ನೆಗೆ ವೈದ್ಯರು ಕಂಡುಕೊಂಡ ಉತ್ತರವೇ, ಶಸ್ತ್ರ ಎಷ್ಟು ಆಳಕ್ಕಿಳಿಯಬೇಕೆಂಬುದನ್ನೂ ದಶಕಗಳ ಕಾಲ ನಿರ್ಧರಿಸಿತು.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಮೃತರಾದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. 241 ಮಂದಿಯ ಯಕೃತ್ತಿನಲ್ಲಿ ಗಡ್ಡೆಗಳಿದ್ದವು; ಗುಲ್ಮದಲ್ಲಿ ಇದ್ದದ್ದು 17 ಮಂದಿಗೆ ಮಾತ್ರ. ರಕ್ತ ಎರಡೂ ಅಂಗಗಳಿಗೆ ಹರಿಯುತ್ತದೆ. ಹಾಗಿದ್ದೂ ಈ ಅಂತರವೇಕೆ? ಬೀಜ ಎಲ್ಲೆಡೆ ಚೆಲ್ಲಿದರೂ ಹದವಾದ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂಬುದು ಪ್ಯಾಜೆಟ್ಟರ ವಿವರಣೆ.

ಅದೇ ಕಾಲದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಬೇರೊಂದು ಚಿತ್ರವನ್ನು ನಂಬಿದ್ದರು. ರೋಗವು ಸ್ತನದಿಂದ ದುಗ್ಧನಾಳಗಳ ಮೂಲಕ ಹಂತಹಂತವಾಗಿ ಹೊರಕ್ಕೆ ಸಾಗುತ್ತದೆ. ಆದ್ದರಿಂದ ವಿಶಾಲವಾಗಿ ಕತ್ತರಿಸಿದರೆ ಬೇರುಸಹಿತ ಕಿತ್ತಂತೆ. ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿ ಬಲವಾಗಿ ಬೇರೂರಿತು. ದೊಡ್ಡ ಗಡ್ಡೆಗಳೊಡನೆ ಬರುತ್ತಿದ್ದ ರೋಗಿಗಳಲ್ಲಿ ಅದೇ ಜಾಗದಲ್ಲಿ ರೋಗ ಮರುಕಳಿಸುವುದನ್ನು ಅದು ತಗ್ಗಿಸಿತೆಂಬುದು ನಿಜ. ಆದರೆ ಅನೇಕ ಮಹಿಳೆಯರಿಗೆ ಗುಳಿಬಿದ್ದ ಎದೆ, ಊದಿದ ತೋಳು ಜೀವನಪರ್ಯಂತ ಉಳಿದವು.

ಜೀವಕೋಶದ ಬೆಳವಣಿಗೆಯನ್ನು ಹದ್ದುಬಸ್ತಿನಲ್ಲಿಡುವ ಜೀನ್‌ಗಳು ಒಂದೊಂದಾಗಿ ಕೆಟ್ಟಾಗ ಕೋಶ ಅಂಕೆಯಿಲ್ಲದೆ ವಿಭಜಿಸುತ್ತದೆ ಎಂದು ಇಂದು ನಾವು ಬಲ್ಲೆವು. ಅಂಥ ಕೆಲವು ಕೋಶಗಳು ಸುತ್ತಲಿನ ಪೊರೆಯನ್ನು ಭೇದಿಸಿ ರಕ್ತಕ್ಕಿಳಿಯುತ್ತವೆ; ಬಹುಪಾಲು ಅಲ್ಲಿಯೇ ಸಾಯುತ್ತವೆ. 1970ರಲ್ಲಿ ಐಸಾಯಾ ಫಿಡ್ಲರ್ ಇಲಿಗಳ ರಕ್ತಕ್ಕೆ ಸೇರಿಸಿದ ಕೋಶಗಳಲ್ಲಿ ಒಂದು ದಿನದ ಬಳಿಕ ಬದುಕಿದ್ದದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. 1980ರ ಪ್ರಯೋಗದಲ್ಲಿ ಇಲಿಗಳ ತೊಡೆಗೆ ಕಸಿ ಮಾಡಿದ ಶ್ವಾಸಕೋಶದ ತುಣುಕಿನಲ್ಲಿ ಗಡ್ಡೆ ಬೆಳೆಯಿತು, ಮೂತ್ರಪಿಂಡದ ತುಣುಕಿನಲ್ಲಿ ಬೆಳೆಯಲಿಲ್ಲ. ಪ್ಯಾಜೆಟ್ಟರ ಮಣ್ಣು ಮತ್ತೆ ಮಾತಿಗೆ ಬಂದಿತು.

ಶಸ್ತ್ರಚಿಕಿತ್ಸೆಯ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ಬರ್ನಾರ್ಡ್ ಫಿಶರ್. 1971ರಲ್ಲಿ ಆರಂಭವಾದ ಅವರ ಅಧ್ಯಯನದಲ್ಲಿ, ಸ್ನಾಯುಗಳನ್ನು ಉಳಿಸಿದವರ ಮತ್ತು ತೆಗೆದವರ ಆಯುಷ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; 25 ವರ್ಷಗಳ ನಂತರವೂ ಇಲ್ಲ. ಬೀಜ ಮೊದಲೇ ಚೆಲ್ಲಿಹೋಗಿದ್ದರೆ ಹೊಲವನ್ನು ಎಷ್ಟು ಆಳಕ್ಕೆ ಅಗೆದರೇನು?

ತಮ್ಮ ಪಾಲಿಗೆ ಯಾವ ಚಿಕಿತ್ಸೆ ಬರುವುದೆಂದು ತಿಳಿಯದೆಯೇ 1,600ಕ್ಕೂ ಹೆಚ್ಚು ಮಹಿಳೆಯರು ಆ ಅಧ್ಯಯನಕ್ಕೆ ಒಪ್ಪಿದ್ದರು. ಚರಿತ್ರೆಯಲ್ಲಿ ನಮಗೆ ಸಿಗುವುದು ವೈದ್ಯರ ಹೆಸರುಗಳು. ನಂತರದ ತಲೆಮಾರಿನ ಮಹಿಳೆಯರನ್ನು ಆ ಕ್ರೂರ ಶಸ್ತ್ರದಿಂದ ಪಾರುಮಾಡಿದ್ದು ಹೆಸರಿಲ್ಲದ ಈ ಒಪ್ಪಿಗೆಯೂ ಹೌದು.