‘ಅಪ್ಪಾ’ ಎಂದ ಅರಸ: ಮೆಡೋಸ್ ಟೇಲರನ ಸೈನಿಕ ವೃತ್ತಿಯ ಮರುಪರಿಶೀಲನೆ

ಮಕ್ತಲ್ ಸೀಮೆಯ ತಂಗಡಿಯ ಬಳಿ ಭೀಮೆ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ಪಡುವಣಕ್ಕೆ, ಎರಡೂ ಹೊಳೆಗಳ ನಡುವೆ ಸುರಪುರದ ಬೇಡ ನಾಯಕರ ಸಂಸ್ಥಾನವಿತ್ತು. ಕೃಷ್ಣೆಯ ಕೆಳಗೆ, ತುಂಗಭದ್ರೆಯ ಈಚೆ ಗದ್ವಾಲ. ಎರಡೂ ನಿಜಾಮನಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನಗಳೇ. ಗದ್ವಾಲ ನಿಜಾಮನ ಆಳ್ವಿಕೆ ಮುಗಿಯುವವರೆಗೂ ಉಳಿಯಿತು, ಸುರಪುರ 1858ರಲ್ಲೇ ಅಳಿಯಿತು. ಆ ಅಳಿವಿನ ನಡುವೆ ನಿಂತಿದ್ದವನು ಫಿಲಿಪ್ ಮೆಡೋಸ್ ಟೇಲರ್.

ಅವನನ್ನು ನಾವು ‘ಕನ್ಫೆಶನ್ಸ್ ಆಫ್ ಎ ಥಗ್’ (1839) ಬರೆದ ಕಾದಂಬರಿಕಾರನಾಗಿಯೇ ಓದುತ್ತ ಬಂದಿದ್ದೇವೆ. ಸೈನಿಕನಾಗಿ ಓದಿದರೆ ಬೇರೆ ಚಿತ್ರ ಸಿಗುತ್ತದೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈ ಹುಡುಗ 1824ರಲ್ಲಿ ಮುಂಬಯಿಗೆ ಬಂದದ್ದು ವ್ಯಾಪಾರಿಯೊಬ್ಬನ ಅಂಗಡಿ ಸೇರಲು. ಅಲ್ಲಿ ನೆಲೆ ಸಿಗದೆ, ಬಂಧುವಿನ ನೆರವಿನಿಂದ ನಿಜಾಮನ ಸೇನೆ ಸೇರಿದ. ಇದು ಮುಖ್ಯ: ಅವನು ಕಂಪನಿ ಸೇನೆಯ ಅಧಿಕಾರಿಯಲ್ಲ, ‘ಲೋಕಲ್’ ಅಧಿಕಾರಿ. ಕಂಪನಿಯವರ ಬಡ್ತಿಯ ಏಣಿ ಅವನಿಗಿರಲಿಲ್ಲ. ಅವನು ಈ ನೆಲದಲ್ಲಿ ಬೇರೂರಿದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ಎಣಿಕೆ.

1841ರಿಂದ 1853ರವರೆಗೆ ಹನ್ನೆರಡು ವರ್ಷ ಸುರಪುರದ ಆಡಳಿತ ಅವನ ಕೈಯಲ್ಲಿತ್ತು. ಅರಸ ವೆಂಕಟಪ್ಪ ನಾಯಕ ಆಗ ಬಾಲಕ, ಟೇಲರನನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು. ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಇದೆ. ಈ ವರ್ಷಗಳಲ್ಲೇ ಸುತ್ತಲಿನ ಹೊಲಗಳ ಶಿಲಾಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದಿಟ್ಟ. ದಖ್ಖನದ ಪುರಾತತ್ತ್ವಕ್ಕೆ ಅದು ಸಣ್ಣ ಕೊಡುಗೆಯಲ್ಲ. 1853ರಲ್ಲಿ ಪ್ರಾಯಕ್ಕೆ ಬಂದ ಅರಸನಿಗೆ ಅಧಿಕಾರ ಒಪ್ಪಿಸಿ ನಳದುರ್ಗಕ್ಕೆ ಹೋದ.

ಐದೇ ವರ್ಷ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತ, ಸೋತು ಹೈದರಾಬಾದಿಗೆ ಹೋದ, ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್‌ನ ಜನರ ಕೈಗೆ ಸಿಕ್ಕ. ಸೆರೆಯಲ್ಲಿದ್ದವನನ್ನು ಟೇಲರ್ ಕಂಡ. ‘ಸ್ಟೋರಿ ಆಫ್ ಮೈ ಲೈಫ್’ನಲ್ಲಿ (1877) ಆ ಭೇಟಿಯ ವಿವರವಿದೆ: ಪ್ರಚೋದಿಸಿದವರ ಹೆಸರು ಹೇಳಿದರೆ ಜೀವ ಉಳಿಯಬಹುದೆಂಬ ಸೂಚನೆ ಬಂದರೂ ಅರಸ ಬಾಯಿಬಿಡಲಿಲ್ಲ. ಸಾವಿಗೆ ಅವನು ಹೆದರಲಿಲ್ಲ; ನೇಣಿನ ಅವಮಾನ ಬೇಡವೆಂದಷ್ಟೇ ಕೇಳಿದ. ತನ್ನನ್ನು ‘ಅಪ್ಪಾ’ ಎಂದವನ ಈ ಹಠವನ್ನು ಟೇಲರ್ ಮುಚ್ಚಿಡದೆ ದಾಖಲಿಸಿದ್ದಾನೆ. ಬ್ರಿಟಿಷ್ ಅಧಿಕಾರಿಯೇ ಬರೆದಿಟ್ಟ ಈ ಸಾಕ್ಷ್ಯವನ್ನು ಬಂಡಾಯದ ಇತಿಹಾಸ ಬರೆಯುವವರು ಇನ್ನಷ್ಟು ಗಮನಿಸಬೇಕು.

ಅರಸನಿಗೆ ವಿಧಿಸಿದ್ದ ಮರಣದಂಡನೆ ಇಳಿದು ಚೆಂಗಲಪೇಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅರಸ ಅಲ್ಲಿಗೆ ಮುಟ್ಟಲಿಲ್ಲ. ದಾರಿಯ ಡೇರೆಯಲ್ಲಿ, ಕಾವಲಿನ ಅಧಿಕಾರಿಯದೇ ಪಿಸ್ತೂಲಿನ ಗುಂಡಿಗೆ ಸತ್ತ.

ಟೇಲರನಿಗೆ ‘ಸಿ.ಎಸ್.ಐ.’ (ಕಂಪ್ಯಾನಿಯನ್ ಆಫ್ ದ ಸ್ಟಾರ್ ಆಫ್ ಇಂಡಿಯಾ) ಪದವಿ ಸಿಕ್ಕಿದ್ದು 1869ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1860ರಲ್ಲಿ, ಸುರಪುರ ನಿಜಾಮನ ಪಾಲಾಗಿತ್ತು. ಅದೇ ವರ್ಷ ಅವನು ಆರೋಗ್ಯ ಕೆಟ್ಟು ಇಂಗ್ಲೆಂಡಿನ ಹಡಗು ಹತ್ತಿದ್ದ.