ವಿವಾಹದ ವಾಗ್ದಾನ ಮತ್ತು ಕಾನೂನು

ಅತ್ತಿಗುಂಡಿಯ ಸುತ್ತಲಿನ ತೋಟಗಳಲ್ಲಿ ಕಾಫಿ ಬೀಜವನ್ನು ಕೊಡುವೆನೆಂದು ಒಪ್ಪಿ ತಪ್ಪಿದವನು, ಕೊಳ್ಳುವವನಿಗಾದ ನಷ್ಟವನ್ನು ತುಂಬಿಕೊಡಬೇಕಾಗುತ್ತದೆ. ನಿಶ್ಚಿತಾರ್ಥವನ್ನು ಮುರಿದವನಿಗೂ ಅಂಥ ಹೊಣೆಯುಂಟೆ?

ಉಂಟು. 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮು ಕರಾರುಭಂಗದಿಂದಾದ ನಷ್ಟಕ್ಕೆ ಪರಿಹಾರವನ್ನು ವಿಧಿಸುತ್ತದೆ. ವಿವಾಹದ ವಾಗ್ದಾನಕ್ಕೂ ನಮ್ಮ ನ್ಯಾಯಾಲಯಗಳು ಈ ತತ್ತ್ವವನ್ನು ಅನ್ವಯಿಸಿವೆ. ಆದರೆ ಮನಸ್ಸಿಲ್ಲದವರನ್ನು ಮದುವೆಯಾಗೆಂದು ಅವು ಆಜ್ಞಾಪಿಸಲಾರವು. ಇಂಗ್ಲೆಂಡಾದರೋ 1970ರ ಕಾಯಿದೆಯಿಂದ ಇಂಥ ದಾವೆಗಳನ್ನೇ ರದ್ದುಗೊಳಿಸಿತು.

ಅಪರಾಧದ ವಿಚಾರ ಬೇರೆ. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ, ಮದುವೆಯಾಗುವ ಉದ್ದೇಶವೇ ಆರೋಪಿಗೆ ಇರಲಿಲ್ಲವೆಂಬುದು ಸಾಬೀತಾಗಲಿಲ್ಲವೆಂದು ಅವನನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮು, ನೆರವೇರಿಸುವ ಉದ್ದೇಶವಿಲ್ಲದೆ ವಿವಾಹದ ಮಾತು ಕೊಟ್ಟು ದೇಹಸಂಬಂಧ ಬೆಳೆಸಿದವನಿಗೆ 10 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ.

ಹೀಗೆ, ಮನಸ್ಸು ಬದಲಾಗುವುದೇ ಅಪರಾಧವಲ್ಲ. ಮೊದಲೇ ಮನಸ್ಸಿಲ್ಲದೆ ಮಾತು ಕೊಟ್ಟು ವಂಚಿಸುವುದು ಅಪರಾಧ. ಒತ್ತಾಯದ ಮದುವೆಯೂ ಧರ್ಮವಲ್ಲ. ಆದರೆ ಸಂಬಂಧ ಬೇಡವೆನಿಸಿದಾಗ ಅದನ್ನು ತಡಮಾಡದೆ ತಿಳಿಸಿ, ಉಡುಗೊರೆಗಳನ್ನು ಹಿಂದಿರುಗಿಸಿ, ಎದುರು ಮನೆಯವರಿಗಾದ ವೆಚ್ಚವನ್ನು ದಾವೆಗೆ ಮುನ್ನವೇ ತುಂಬಿಕೊಡುವುದು ಸತ್ಯಾಣುವ್ರತವನ್ನು ಪಾಲಿಸುವ ಶ್ರಾವಕನ ಕರ್ತವ್ಯ.