ಬೇಸಿಗೆ ಕಾವಲು ಕಲಿಸಿದ ಪಾಠ



ಶ್ರೀರಾಂಪುರದ ಸುತ್ತಿನ ಹಳ್ಳಿಗಳಲ್ಲಿ ಶಿವರಾತ್ರಿ ಕಳೆದು ಯುಗಾದಿ ಬಂತೆಂದರೆ ದನಗಳ ಪಾಡು ನಿಮಗೇ ಗೊತ್ತು. ಹತ್ತು ಗಂಟೆಗೆಲ್ಲ ನೆಲ ಕಾದ ಹೆಂಚು. ಎಮ್ಮೆ ಬಾಯಿ ತೆರೆದು ಏದುತ್ತದೆ. ಹಸು ಮುಂದಿಟ್ಟ ಹುಲ್ಲನ್ನು ಮೂಸಿ ಮುಖ ತಿರುಗಿಸುತ್ತದೆ. ಹಾಲು ಇಳಿಯುತ್ತದೆ. “ಬಿಸಿಲಿಗೆ ಏನು ಮದ್ದು ಸ್ವಾಮಿ?” ಅಂತ ಕೇಳುತ್ತೀರಿ. ಬಿಸಿಲನ್ನು ತಡೆಯಲಾರೆವು, ನಿಜ. ಆದರೆ ಮೇವು ನೀರು ಕೊಡುವ ಹೊತ್ತನ್ನೂ ಬಗೆಯನ್ನೂ ಬದಲಾಯಿಸಿದರೆ ದನ ಅದನ್ನು ತಾಳಿಕೊಳ್ಳುತ್ತದೆ. ಈ ವಿದ್ಯೆಗೆ ನಮ್ಮ ನಾಡಿನಲ್ಲೇ ಹಳೆಯ ಚರಿತ್ರೆ ಇದೆ.

ಅಮೃತಮಹಲ್ ದನಗಳನ್ನು ನೀವು ಬಲ್ಲಿರಿ. ನಮ್ಮ ಹೊಸದುರ್ಗದ ಮಗ್ಗುಲಿನ ಅಜ್ಜಂಪುರದಲ್ಲಿ ಈಗಲೂ ಆ ತಳಿಯ ಸಂವರ್ಧನಾ ಕೇಂದ್ರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಇದಕ್ಕೆ ‘ಬೆಣ್ಣೆ ಚಾವಡಿ’ ಎಂದು ಹೆಸರು. ಟಿಪ್ಪು ಸುಲ್ತಾನನು ಅದನ್ನು ‘ಅಮೃತಮಹಲ್’ ಎಂದು ಕರೆದ. ಹೈದರನ ಸೈನ್ಯ ಈ ಎತ್ತುಗಳನ್ನು ಕಟ್ಟಿಕೊಂಡು ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಅದನ್ನು ಮಾರಿಬಿಟ್ಟರು. ಆಮೇಲೆ ಒಳ್ಳೆಯ ಎತ್ತು ಸಿಗದಾಗ, ಕೆಲವೇ ವರ್ಷಗಳಲ್ಲಿ, ಅಳಿದುಳಿದ ದನಗಳನ್ನು ಹುಡುಕಿ ಮತ್ತೆ ಹಿಂಡು ಕಟ್ಟಬೇಕಾಯಿತು.

ಇಂಥ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಲಿಲ್ಲ. ಕಾವಲುಗಳಲ್ಲಿ ಮೇಯಿಸಿ ಬೆಳೆಸಿದರು. ಆ ಕಾವಲುಗಳನ್ನು ಮೂರು ಬಗೆ ಮಾಡಿದ್ದರು: ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು. ಬೇಸಿಗೆ ಕಾವಲೆಂದರೆ ಹೆಚ್ಚಾಗಿ ಕೆರೆಯಂಗಳ. ಸುತ್ತೆಲ್ಲ ಒಣಗಿದಾಗಲೂ ಅಲ್ಲಿ ಹಸುರು ಗರಿಕೆ, ಕುಡಿಯಲು ನೀರು, ನಡುಹಗಲು ನಿಲ್ಲಲು ಮರದ ನೆರಳು. ಬಿಸಿಲು ಏರುತ್ತಲೇ ದನಗಾಹಿಗಳು ಹಿಂಡನ್ನು ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹಸುರು, ನೀರು, ನೆರಳು—ಈ ಮೂರೂ ಒಂದೇ ಕಡೆ ಸಿಕ್ಕಬೇಕು, ಇದೇ ಅವರ ಲೆಕ್ಕ.

ಆ ಲೆಕ್ಕ ಏಕೆ ಸರಿ ಅಂತೀರಾ? ದನದ ಹೊಟ್ಟೆಯೇ ಒಂದು ಒಲೆ. ಮೇವು ಮೊದಲ ಹೊಟ್ಟೆಯಲ್ಲಿ ಹುದುಗಿದಾಗ ಕಾವು ಹುಟ್ಟುತ್ತದೆ. ಒಣ ಹುಲ್ಲು ಒರಟಾದಷ್ಟೂ ಆ ಕಾವು ಹೆಚ್ಚು. ಬೆಳಿಗ್ಗೆ ಎಂಟು ಒಂಬತ್ತಕ್ಕೆ ಹೊಟ್ಟೆ ತುಂಬ ರಾಗಿ ಹುಲ್ಲು ಹಾಕಿದಿರೋ, ಒಳಗಿನ ಕಾವೂ ಹೊರಗಿನ ಬಿಸಿಲೂ ಮಟಮಟ ಮಧ್ಯಾಹ್ನಕ್ಕೆ ಒಂದಾಗುತ್ತವೆ. ಅದೇ ಹುಲ್ಲನ್ನು ಸಂಜೆ ಹಾಕಿದರೆ ಕಾವು ರಾತ್ರಿಯ ತಂಪಿನಲ್ಲಿ ಇಳಿದುಹೋಗುತ್ತದೆ.

ಕಾವಲುಗಳು ಈಗ ಮೊದಲಿನಷ್ಟಿಲ್ಲ. ಎಷ್ಟೋ ಸಾಗುವಳಿಗೆ ಹೋದವು. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲೇ 2008–2010ರ ಸುಮಾರಿಗೆ ಸಾವಿರಾರು ಎಕರೆ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾಯಿತು. ದನವನ್ನು ಬೇಸಿಗೆ ಕಾವಲಿಗೆ ಅಟ್ಟುವ ಕಾಲ ಹೋಯಿತು. ಇನ್ನು ಬೇಸಿಗೆ ಕಾವಲೇ ನಿಮ್ಮ ಹಿತ್ತಲಿಗೆ ಬರಬೇಕು. ಹೇಗೆ? ಕೇಳಿ.

ಒಣ ಮೇವಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಹೊತ್ತು ಮುಳುಗಿದ ಮೇಲೆ ಹಾಕಿ. ಉಳಿದದ್ದನ್ನು ಬೆಳಗಿನ ಜಾವಕ್ಕೆ. ಹುಲ್ಲನ್ನು ಕತ್ತರಿಸಿ, ನೀರು ಚಿಮುಕಿಸಿ ಕೊಡಿ. ಹಗಲಿಗೆ ಒಂದು ಹಿಡಿ ಹಸುರು ಇರಲಿ: ಚೊಗಚೆ, ಸುಬಾಬುಲ್ ಸೊಪ್ಪು, ತೆಂಗಿನ ತೋಟದ ಬದುವಿನ ಹುಲ್ಲು, ಯಾವುದಾದರೂ ಆದೀತು. ದನ ತಿನ್ನುವುದೇ ಕಡಿಮೆಯಾದಾಗ ತಿಂದಷ್ಟರಲ್ಲಿ ಸಾರವಿರಬೇಕು. ಅದಕ್ಕೆ ಕಡಲೆಕಾಯಿ ಹಿಂಡಿಯನ್ನೋ ಕೊಬ್ಬರಿ ಹಿಂಡಿಯನ್ನೋ ತುಸು ಸೇರಿಸಿ. ಆದರೆ ಹಾಲು ಇಳಿಯಿತೆಂದು ಒಮ್ಮೆಲೇ ಜೋಳ, ರಾಗಿ ಹಿಟ್ಟು ಸುರಿಯಬೇಡಿ. ಹೊಟ್ಟೆ ಹುಳಿಯಾಗಿ ದನ ಮಲಗೀತು.

ನೀರನ್ನು ದಿನಕ್ಕೆರಡು ಸಲ ತೋರಿಸಿದರೆ ಸಾಲದು. ಬೇಸಿಗೆಯಲ್ಲಿ ದನಕ್ಕೆ ಚಳಿಗಾಲದ ಒಂದೂವರೆ ಎರಡು ಪಟ್ಟು ನೀರು ಬೇಕು. ತೊಟ್ಟಿ ನೆರಳಿನಲ್ಲಿರಲಿ, ಸದಾ ತುಂಬಿರಲಿ. ಬೆವರು ಜೊಲ್ಲಿನಲ್ಲಿ ಹೋದ ಉಪ್ಪನ್ನು ತುಂಬಲು ದಿನಕ್ಕೆ ಸುಮಾರು 30 ಗ್ರಾಂ ಉಪ್ಪು, ಅಷ್ಟೇ ಖನಿಜ ಮಿಶ್ರಣ ಕೊಡಿ.

ಹಂದಿ ಸಾಕುವವರಿಗೂ ಇದೇ ಮಾತು, ಇನ್ನೂ ಒತ್ತಿ ಹೇಳುತ್ತೇನೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬಾರದು. ಅದಕ್ಕೇ ಕೆಸರಿಗೆ ಬೀಳುತ್ತದೆ. ಅದರ ಆಹಾರವನ್ನು ನಸುಕಿಗೂ ಸಂಜೆಗೂ ಹಂಚಿ, ನೀರಿನಲ್ಲಿ ಕಲಸಿ ಹಾಕಿ. ತೌಡು ಬೂಸ ತಗ್ಗಿಸಿ. ನೆರಳಿನಲ್ಲಿ ಮೈಗೆ ನೀರು ಎರಚಿ.

ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ, ಮುಂಜಾಗ್ರತೆ ಬೇಕು. ಬೇಸಿಗೆಗೆಂದು ಕೆರೆಯಂಗಳದ ಹುಲ್ಲನ್ನು ಹಿಂದಿನವರು ಮೊದಲೇ ಕಾದಿಡುತ್ತಿದ್ದರು. ನೀವೂ ಮುಂಗಾರಿನಲ್ಲೇ ಬದುವಿಗೆ ನಾಲ್ಕು ಚೊಗಚೆ ಬೀಜ ಹಾಕಿ, ಸುಗ್ಗಿಯಲ್ಲೇ ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿ ಕೂಡಿಟ್ಟುಕೊಳ್ಳಿ. ಬರುವ ಯುಗಾದಿಗೆ ನಿಮ್ಮ ಕೊಟ್ಟಿಗೆಯ ದನ ನೆರಳಲ್ಲಿ ನಿಂತು ನೆಮ್ಮದಿಯಾಗಿ ಮೆಲುಕು ಹಾಕಲಿ.